ಕಾರಿಗೆ ಗುಂಡಿ ತೋಡಿಸುವ ಮುನ್ನ

ಆತಗೂರು ಕಡೆ ಮನೆಯ ಶೆಡ್ಡಿನಲ್ಲೇ ಕಾರಿನಡಿ ಇಳಿದು ಕೆಲಸ ಮಾಡಲು ಗುಂಡಿ ತೆಗೆಸಬೇಕೆಂದಿದ್ದೀರಾ? ಮೊದಲು ನೆಲದ ನೀರು ನೋಡಿ. ಮದ್ದೂರು ತಾಲ್ಲೂಕಿನ ನಾಲೆ ಬಯಲಿನಲ್ಲಿ, ಕೆರೆ ಹಿಂದಿನ ಗದ್ದೆಗಳ ಪಕ್ಕದಲ್ಲಿ, ನೀರು ಬಿಟ್ಟ ಕಾಲಕ್ಕೆ ಒರತೆ ಮೇಲೇಳುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಗುಂಡಿ ನಾಟಿ ಹೊತ್ತಿಗೆ ತೊಟ್ಟಿಯಾದೀತು. ಅಂಥ ಜಾಗದಲ್ಲಿ ಗುಂಡಿಯ ಆಸೆ ಬಿಟ್ಟು ಗಟ್ಟಿ ರ‍್ಯಾಂಪ್ ಮಾಡಿಸುವುದೇ ಮೇಲು.

ಮೇಡು ನೆಲವಾದರೆ ತೋಡಿಸಿ. ಅಗಲ ಎರಡೂವರೆ ಅಡಿ ಸಾಕು, ಆಳ ನಿಮ್ಮ ಎತ್ತರಕ್ಕೆ ತಕ್ಕಂತೆ. ಗೋಡೆಗೆ ಕಬ್ಬಿಣ ಹಾಕಿದ ಕಾಂಕ್ರೀಟೇ ಬೇಕು, ಕಾರಿನ ಭಾರ ಅಂಚಿನ ಮೇಲೇ ಬೀಳುತ್ತದೆ. ಹತ್ತಲು ಎರಡೂ ಕೊನೆಯಲ್ಲಿ ಮೆಟ್ಟಿಲಿರಲಿ.

ನನಗೆ ನಿಜವಾಗಿ ಭಯವಿರುವುದು ಗಾಳಿಯ ಬಗ್ಗೆ. ಪೆಟ್ರೋಲ್ ಆವಿ, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ, ಸೋರಿದರೆ ಗುಂಡಿಯ ತಳದಲ್ಲೇ ನಿಲ್ಲುತ್ತವೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಪೆಟ್ರೋಲ್ ಟ್ಯಾಂಕು, ಪೈಪು ಬಿಚ್ಚುವ ಕೆಲಸವನ್ನು ಗುಂಡಿಯ ಮೇಲೆ ಮಾಡಲೇಬೇಡಿ. 230 ವೋಲ್ಟಿನ ಬಲ್ಬು ಇಳಿಬಿಡಬೇಡಿ. ಗಾಳಿಯಾಡಲು ಬಿಟ್ಟು, ಬ್ಯಾಟರಿಯ ಮುಚ್ಚಿದ ಎಲ್‌ಇಡಿ ದೀಪ ಹಿಡಿದು ಇಳಿಯಿರಿ. ಎಂಜಿನ್ ಓಡುವಾಗ ಕೆಳಗಿರಬಾರದು: ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಒಬ್ಬರೇ ಇಳಿಯಬೇಡಿ. ಒಳಗಿದ್ದವರು ಕುಸಿದರೆ ಗಾಬರಿಯಲ್ಲಿ ಹಿಂದೆಯೇ ಧುಮುಕಬೇಡಿ, ಬಾಗಿಲು ತೆರೆದು 112ಕ್ಕೆ ಕರೆ ಮಾಡಿ. ಕೆಲಸ ಮುಗಿದೊಡನೆ ದಪ್ಪ ಹಲಗೆ ಮುಚ್ಚಿ. ಮನೆಯಲ್ಲಿ ಮಕ್ಕಳಿದ್ದಾರೆ, ಗದ್ದೆಯಂಚಿನ ಹಾವೂ ತಂಪು ಹುಡುಕಿ ಬರುತ್ತದೆ.