ಎರಡು ಬಾರಿ ಕಲಿಸಿದ ಪಾಠ: ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೆಯ ದೋಷ ಹುಡುಕುವುದು

ಅಭ್ಯಾಸ ಬೋಧನೆಯ ನಾಲ್ಕನೇ ವಾರ ಒಂಬತ್ತನೇ ತರಗತಿಗೆ ನಾನು ಆಯ್ದುಕೊಂಡ ಉಪಘಟಕ ‘ಮನೆಯ ನೆಟ್‌ವರ್ಕ್‌ನಲ್ಲಿ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೆ’. ಈ ಪಾಠವನ್ನು ನಾನು ಎರಡು ಬಾರಿ ಮಾಡಬೇಕಾಯಿತು. ಮೊದಲನೆಯದಕ್ಕೆ ಅವಲೋಕನ ನಮೂನೆಯಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಎರಡನೆಯದು ಮೊದಲನೆಯದರಿಂದ ಆದ ಹಾನಿಯನ್ನು ಸರಿಪಡಿಸಲು ಮಾಡಿದ ಪಾಠ.

ಮೊದಲ ದಿನ ಕಾಲೇಜಿನಿಂದ ಎರಡು ವಿಂಡೋಸ್ ಲ್ಯಾಪ್‌ಟಾಪ್, ಒಂದು ಸಣ್ಣ ವೈಫೈ ರೂಟರ್ ಒಯ್ದಿದ್ದೆ. ಪಾಠ ಯೋಜನೆಯಲ್ಲಿ 11 ಹಂತಗಳು, ಅವನ್ನೇ ಬರೆದ ಒಂದು ಚಾರ್ಟು. ಒಂದು ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಹಂಚಿ, ಇನ್ನೊಂದರಲ್ಲಿ ‘ನೆಟ್‌ವರ್ಕ್’ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಹಿಂದಿನ ದಿನ ಹಾಸ್ಟೆಲ್‌ನಲ್ಲಿ ಸರಿಯಾಗಿಯೇ ಬಂದಿತ್ತು. ರಿಫ್ರೆಶ್ ಒತ್ತಿದೆ, ಮತ್ತೆ ಒತ್ತಿದೆ. ಕೊನೆಯ ಬೆಂಚಿನಲ್ಲಿ ಮಾರ್ಗದರ್ಶಿ ಉಪನ್ಯಾಸಕರು ಬರೆದುಕೊಳ್ಳುತ್ತಿದ್ದರು. 40 ನಿಮಿಷದ ಅವಧಿಯಲ್ಲಿ ಇನ್ನು ಹನ್ನೆರಡೇ ನಿಮಿಷ ಉಳಿದಿತ್ತು. ಆಗ ನಾನು ಫೈರ್‌ವಾಲ್ ಪೂರ್ತಿ ಆಫ್ ಮಾಡಿದೆ, ಹಂಚಿಕೆಯ ಪಾಸ್‌ವರ್ಡ್ ರಕ್ಷಣೆ ತೆಗೆದೆ, ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್‌ಗಳಲ್ಲಿ ‘ಎವ್ರಿಒನ್’ಗೆ ಪೂರ್ಣ ಅಧಿಕಾರ ಕೊಟ್ಟೆ. ಫೋಲ್ಡರ್ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಎರಡು ಕಂಪ್ಯೂಟರ್ ಇರುವವರು ಮಾಡಿ ನೋಡಿ ಎಂದು ಮನೆಗೆಲಸ ಕೊಟ್ಟು ಪಾಠ ಮುಗಿಸಿದೆ.

ಅವಲೋಕನದ ಕೊನೆಯ ಸಾಲು ಹೀಗಿತ್ತು: ‘ಉಪಕರಣಗಳ ಬಳಕೆ ಚೆನ್ನಾಗಿದೆ. ಫೈರ್‌ವಾಲ್ ಆಫ್ ಮಾಡಿದ್ದು ಏಕೆ?’ ಅಂಕಗಳನ್ನು ನೋಡಿದ ನಾನು ಪ್ರಶ್ನೆಯನ್ನು ಅಷ್ಟಾಗಿ ಗಮನಿಸಲಿಲ್ಲ.

ಸೋಮವಾರ ಮೂರನೇ ಬೆಂಚಿನ ಹುಡುಗಿಯೊಬ್ಬಳು ಓಡಿ ಬಂದು, “ಮಿಸ್, ಮನೇಲಿ ಮಾಡ್ದೆ, ಒಂದೇ ಸಲಕ್ಕೆ ಬಂತು” ಅಂದಳು. ಅವಳ ತಂದೆಗೆ ಕಿರಾಣಿ ಅಂಗಡಿ. ಲೆಕ್ಕವೆಲ್ಲ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ನಲ್ಲಿ. ಅವಳು ಆ ಡ್ರೈವ್‌ ಇಡಿಯಾಗಿ ಹಂಚಿದ್ದಳು, ನಾನು ತೋರಿಸಿದಂತೆಯೇ. ವೈಫೈ ಮಾತ್ರ ಮಹಡಿಯ ಬಾಡಿಗೆಯವರ ಜೊತೆ ಪಾಲು. “ಮೇಲಿನ ಮನೆ ಅಣ್ಣನ ಲ್ಯಾಪ್‌ಟಾಪಲ್ಲೂ ಕಾಣಿಸ್ತು ಮಿಸ್. ಅಪ್ಪನ ಉದ್ರಿ ಲೆಕ್ಕ ಓದಿ ನಗ್ತಿದ್ದ.” ಪೂರ್ಣ ಅಧಿಕಾರವೆಂದರೆ ಆ ಹುಡುಗ ಓದುವುದಷ್ಟೇ ಅಲ್ಲ, ಉದ್ರಿ ಪಟ್ಟಿಯಲ್ಲಿ ತನ್ನ ಮನೆಯ ಸಾಲನ್ನೇ ಅಳಿಸಬಹುದಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲವಲ್ಲ.

ಅಂದೇ ವಿಷಯ ಶಿಕ್ಷಕರಿಗೆ ತಿಳಿಸಿ, ಮಾಡಿದ್ದನ್ನೆಲ್ಲ ಹಿಂತೆಗೆಯುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮರುದಿನ ಅವಳು, “ಎಲ್ಲಾ ತೆಗ್ದೆ ಮಿಸ್. ಇದನ್ನ ಶಾಲೇಲಿ ಹೇಳ್ಕೊಟ್ರಾ ಅಂತ ಅಪ್ಪ ಕೇಳಿದ್ರು” ಅಂದಳು. ಹೌದು, ನಾನೇ ಹೇಳಿಕೊಟ್ಟಿದ್ದು, ಮತ್ತೊಮ್ಮೆ ಹೇಳಿಕೊಡುತ್ತೇನೆ ಎಂದೆ. ಇನ್ನೊಂದು ಅವಧಿ ಕೇಳಿ ಪಡೆದೆ.

ಯೋಜನೆ ಬರೆಯಲು ಕುಳಿತಾಗ ನನ್ನ ತಪ್ಪು ಎಲ್ಲಿದೆ ಎಂಬುದು ಕಂಡಿತು. ಮೂರು ಬೀಗಗಳನ್ನು ಒಟ್ಟಿಗೆ ಒಡೆದಿದ್ದೆ. ಬಾಗಿಲು ತೆರೆಯಿತು ನಿಜ, ಆದರೆ ಯಾವ ಬೀಗ ಅಡ್ಡವಾಗಿತ್ತು ಎಂಬುದು ನನಗೂ ತಿಳಿಯಲಿಲ್ಲ, ಮಕ್ಕಳಿಗೂ ತಿಳಿಯಲಿಲ್ಲ. ಹಂತಗಳ ಪಾಠದಲ್ಲಿ ಎಲ್ಲವೂ ಸರಿ ಹೋದಾಗ ಮಾತ್ರ ಕಲಿಕೆ ಆದಂತೆ ಕಾಣುತ್ತದೆ. ಹಂತ ಕೆಟ್ಟ ಕ್ಷಣದಲ್ಲಿ ಮಾಡಬೇಕಾದ್ದು ಯೋಜನೆಯ ಯಾವ ಅಂಕಣದಲ್ಲೂ ಇರುವುದಿಲ್ಲ. ಆದ್ದರಿಂದ ಎರಡನೇ ಬಾರಿ ಹಂಚುವುದನ್ನು ಬಿಟ್ಟು, ಹಂಚಿಕೆ ಕೆಟ್ಟಾಗ ದೋಷ ಹುಡುಕುವುದನ್ನೇ ಪಾಠದ ಉದ್ದೇಶವಾಗಿಟ್ಟೆ.

ತರಗತಿಗೆ ಮೊದಲೇ ಲ್ಯಾಪ್‌ಟಾಪ್‌ಗಳಲ್ಲಿ ಬೇಕೆಂದೇ ದೋಷಗಳನ್ನು ಇಟ್ಟೆ. ಮಕ್ಕಳು ಹೇಳಿದ್ದನ್ನು ಮಾತ್ರ ನಾನು ಟೈಪ್ ಮಾಡುವುದು ಎಂಬ ಒಪ್ಪಂದ. ಒಂದು ಸಲಕ್ಕೆ ಒಂದೇ ಬದಲಾವಣೆ. ಯಾವುದೇ ಪರೀಕ್ಷೆಗೆ ಮುಂಚೆ, ಉತ್ತರ ಹೌದು ಎಂದು ಬಂದರೆ ಏನು ತಿಳಿಯುತ್ತದೆ, ಇಲ್ಲ ಎಂದು ಬಂದರೆ ಏನು ತಿಳಿಯುತ್ತದೆ ಎಂದು ಹೇಳಬೇಕು. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ‘ಗೊತ್ತಾದದ್ದು’, ‘ಇನ್ನೂ ಗೊತ್ತಿಲ್ಲದ್ದು’ ಎಂದು ಬರೆದೆ.

ಮೊದಲ ಪ್ರಶ್ನೆ: ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯೇ? “ಎರಡರಲ್ಲೂ ನೆಟ್ ಬರ್ತಿದೆ, ಅಂದ್ಮೇಲೆ ಇವೆ” ಎಂದು ಒಕ್ಕೊರಲಿನ ಉತ್ತರ. ಮೊದಲ ದೋಷವನ್ನು ನಾನು ಇಟ್ಟಿದ್ದು ಇಲ್ಲಿಯೇ. ಕಮಾಂಡ್ ಕಿಟಕಿಯಲ್ಲಿ ‘ಐಪಿ ಕಾನ್ಫಿಗ್’ ಆದೇಶ ಕೊಟ್ಟಾಗ ಒಂದರ ವಿಳಾಸ 192.168.1.5, ಇನ್ನೊಂದರದು 192.168.43.112. ಎರಡನೆಯದು ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಅಂಟಿಕೊಂಡಿತ್ತು. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ವಿಳಾಸದ ಮೊದಲ ಮೂರು ಅಂಕಿಗಳು ಓಣಿಯಿದ್ದಂತೆ, ಕೊನೆಯದು ಮನೆಯ ನಂಬರು ಇದ್ದಂತೆ. ಓಣಿ ಬೇರೆಯಾಗಿತ್ತು. ಇದೇ ಸಂದರ್ಭದಲ್ಲಿ 169.254 ಎಂದು ಶುರುವಾಗುವ ವಿಳಾಸವನ್ನೂ ಹೇಳಿದೆ. ರೂಟರ್‌ನಿಂದ ವಿಳಾಸ ಸಿಗದೆ ಯಂತ್ರ ತಾನೇ ಇಟ್ಟುಕೊಂಡ ವಿಳಾಸ ಅದು, ಅಂದರೆ ದೋಷ ಹಂಚಿಕೆಯದ್ದಲ್ಲ, ಸಂಪರ್ಕದ್ದು. ಅತಿಥಿಗಳಿಗೆಂದು ಕೊಡುವ ‘ಗೆಸ್ಟ್’ ವೈಫೈ ಕೂಡ ಮೋಸ ಮಾಡುತ್ತದೆ. ಅದರಲ್ಲಿ ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ, ಆದರೆ ಸಾಮಾನ್ಯವಾಗಿ ಮನೆಯ ಉಳಿದ ಯಂತ್ರಗಳನ್ನು ತಲುಪಲು ಬಿಡುವುದಿಲ್ಲ.

ಎರಡನೇ ಪ್ರಶ್ನೆ: ಒಂದು ಕೂಗಿದರೆ ಇನ್ನೊಂದಕ್ಕೆ ಕೇಳುತ್ತದೆಯೇ? ‘ಪಿಂಗ್’ ಮಾಡಿದರೆ ಉತ್ತರ ಬರಲಿಲ್ಲ. “ಹಾಗಾದ್ರೆ ಕನೆಕ್ಷನ್ ಇಲ್ಲ” ಎಂದು ಹಲಗೆಯ ‘ಗೊತ್ತಾದದ್ದು’ ಭಾಗದಲ್ಲಿ ಬರೆಯಲು ಹೇಳಿದರು. ನಾನು ಬರೆಯದೆ ಕಾದೆ. ಪಾಠದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಮಾತು ಆಗ ಬಂತು. ಕಿಟಕಿ ಪಕ್ಕದ ಹುಡುಗನೊಬ್ಬ, “ಚಂದಾ ಕೇಳೋಕೆ ಬಂದವರಾದ್ರೆ ನಮ್ಮಜ್ಜಿ ಒಳಗಿದ್ರೂ ಬಾಗಿಲು ತೆಗೆಯಲ್ಲ ಮಿಸ್” ಅಂದ. ಅದೇ ಸರಿ. ಪಿಂಗ್‌ಗೆ ಉತ್ತರ ಬಂದರೆ ದಾರಿ ಇದೆ ಎಂದು ಖಚಿತ. ಬಾರದಿದ್ದರೆ ದಾರಿ ಇಲ್ಲವೆಂದು ಖಚಿತವಲ್ಲ, ಏಕೆಂದರೆ ವಿಂಡೋಸ್ ಫೈರ್‌ವಾಲ್ ಆ ಕರೆಗೆ ಉತ್ತರ ಕೊಡದೆ ಸುಮ್ಮನಿರಬಹುದು. ಈ ಒಂದು ಪರೀಕ್ಷೆಯ ಎರಡು ಉತ್ತರಗಳಿಗೆ ಸಮಾನ ತೂಕವಿಲ್ಲ. ವಿಜ್ಞಾನ ಬೋಧನೆಯವರಿಗೂ ಇದು ಉಪಯೋಗಕ್ಕೆ ಬರುವ ಮಾತೆಂದು ನನಗನ್ನಿಸುತ್ತದೆ.

ಮೂರನೆಯದಕ್ಕೆ ಹೆಚ್ಚು ಸಮಯ ಕೊಟ್ಟೆ. ಕಾಣುವುದು ಬೇರೆ, ತಲುಪುವುದು ಬೇರೆ. ‘ನೆಟ್‌ವರ್ಕ್’ ಕಿಟಕಿಯಲ್ಲಿ ಚಿತ್ರ ಕಾಣದಿದ್ದರೂ, ವಿಳಾಸ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನೇರವಾಗಿ 192.168.1.5 ಎಂದು ಬರೆದರೆ ಫೋಲ್ಡರ್ ತೆರೆಯಬಹುದು. ತೆರೆದರೆ ಹಂಚಿಕೆ ಸರಿಯಿದೆ, ಕೆಟ್ಟಿರುವುದು ಹೆಸರು ಹುಡುಕುವ ವ್ಯವಸ್ಥೆ ಮಾತ್ರ. ತೆರೆಯದಿದ್ದರೆ ಬಾಗಿಲೇ ಮುಚ್ಚಿದೆ. ಅಂದು ತೆರೆಯಲಿಲ್ಲ. ಬಾಗಿಲು ಯಾರು ಮುಚ್ಚಿದ್ದಾರೆ? ಹಂಚಿದ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದಾಗ ‘ಪಬ್ಲಿಕ್’ ಎಂದಿತ್ತು. ಬಸ್ ನಿಲ್ದಾಣದ ವೈಫೈಗೆ ತಕ್ಕ ಸೆಟ್ಟಿಂಗ್ ಅದು: ಯಾರಿಗೂ ಕಾಣಿಸಿಕೊಳ್ಳಬೇಡ, ಯಾರಿಗೂ ಬಾಗಿಲು ತೆರೆಯಬೇಡ. ‘ಪ್ರೈವೇಟ್’ ಎಂದು ಬದಲಿಸಿ, ಆ ಪ್ರೊಫೈಲ್‌ನಲ್ಲಿ ಫೈಲ್ ಹಂಚಿಕೆ ಆನ್ ಇದೆಯೇ ನೋಡಿದೆವು. ಫೈರ್‌ವಾಲ್ ಆನ್ ಇದ್ದಂತೆಯೇ ಬಾಗಿಲು ತೆರೆಯಿತು, ಪಾಸ್‌ವರ್ಡ್ ಕೇಳಿತು.

ಮೊದಲ ದಿನ ನನ್ನನ್ನು ಕೆಡವಿದ ದೋಷವೂ ಇದೇ. ಹಾಸ್ಟೆಲ್‌ನ ವೈಫೈಯನ್ನು ನಾನು ಹಿಂದೆಂದೋ ‘ಪ್ರೈವೇಟ್’ ಎಂದು ಗುರುತಿಸಿದ್ದೆ. ಕಾಲೇಜಿನ ರೂಟರ್ ಆ ಲ್ಯಾಪ್‌ಟಾಪ್‌ಗೆ ಹೊಸದು, ಆದ್ದರಿಂದ ‘ಪಬ್ಲಿಕ್’. ಒಂದೇ ಕ್ಲಿಕ್ಕಿನ ಕೆಲಸಕ್ಕೆ ಇಡೀ ಗೋಡೆ ಕೆಡವಿದ್ದೆ. ಇದನ್ನು ತರಗತಿಯಲ್ಲಿ ಮುಚ್ಚಿಡದೆ ಹೇಳಿದೆ. ಶಿಕ್ಷಕಿ ತನ್ನ ತಪ್ಪು ಹೇಳಿಕೊಂಡರೆ ಶಿಸ್ತು ಕೆಡುತ್ತದೆ ಎಂದು ಸಹಪಾಠಿಯೊಬ್ಬರು ಎಚ್ಚರಿಸಿದ್ದರು, ಕೆಡಲಿಲ್ಲ.

ಹೆಸರು ಕಾಣದಿರುವ ತೊಂದರೆಗೆ ಸ್ವಲ್ಪ ಇತಿಹಾಸ ಸೇರಿಸಿದೆ. ವಿಂಡೋಸ್‌ನ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ನಿಯಮಾವಳಿಯ ಮೇಲೆ. ಅದರ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಬಳಸಿಕೊಂಡು 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತ್ತು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಅಳವಡಿಸುವಾಗ ಈ ಹಳೆಯ ನಿಯಮಾವಳಿಯ ಸರ್ವರ್ ಭಾಗ ತಾನಾಗಿ ಬರುವುದು ನಿಂತಿತು. ಅದನ್ನು ನೆಚ್ಚಿಕೊಂಡಿದ್ದ ಹಳೆಯ ಹೆಸರು ಪಟ್ಟಿಯೂ ಅದರೊಂದಿಗೆ ಹೋಯಿತು. ಹಾಗಾಗಿ ‘ಕಂಪ್ಯೂಟರ್ ಕಾಣುತ್ತಿಲ್ಲ’ ಎಂದರೆ ಹಳೆಯ ಎಸ್‌ಎಂಬಿಯನ್ನು ಮತ್ತೆ ಹಾಕಿ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ಅದು ನಾನು ಫೈರ್‌ವಾಲ್ ಆಫ್ ಮಾಡಿದ ಜಾತಿಯದೇ ಪರಿಹಾರ. ಹಂಚುವ ಯಂತ್ರದಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಸೇವೆ ನಡೆಯುತ್ತಿದೆಯೇ ಎಂದು ನೋಡುವುದು ಸರಿಯಾದ ದಾರಿ. ಇಲ್ಲವೇ ವಿಳಾಸ ಬರೆದೇ ತೆರೆದರಾಯಿತು. ಆದರೆ ರೂಟರ್ ಕೊಡುವ ವಿಳಾಸ ದಿನ ಕಳೆದಂತೆ ಬದಲಾಗಬಹುದು ಎಂಬುದು ನೆನಪಿರಬೇಕು.

ನಾಲ್ಕನೇ ಪ್ರಶ್ನೆ, ನೀನು ಯಾರು? ಪಾಸ್‌ವರ್ಡ್ ಕೇಳಿದ ತಕ್ಷಣ ಮಕ್ಕಳು ತಾವು ಕುಳಿತ ಲ್ಯಾಪ್‌ಟಾಪ್‌ನ ನಾಲ್ಕಂಕಿಯ ಪಿನ್ ಹೇಳಿದರು. ಎರಡು ತಪ್ಪು ಒಟ್ಟಿಗೆ. ಪಿನ್ ಆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ನಡೆಯದು. ಜೊತೆಗೆ ಬೇಕಾದ್ದು ಹೋಗುತ್ತಿರುವ ಯಂತ್ರದ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಪಕ್ಕದ ಮನೆಗೆ ಹೋಗಿ ನಮ್ಮ ಮನೆಯ ಕೀಲಿ ಹಾಕಿದರೆ ಆಗುತ್ತದೆಯೇ? ಇನ್ನು ಅನೇಕ ಮನೆಗಳಲ್ಲಿ ಕಂಪ್ಯೂಟರ್‌ಗೆ ಪಾಸ್‌ವರ್ಡೇ ಇರುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ನೆಟ್‌ವರ್ಕ್ ಮೂಲಕ ಬಳಸಲು ವಿಂಡೋಸ್ ತಾನಾಗಿ ಬಿಡುವುದಿಲ್ಲ. ಬೇಸತ್ತವರು ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆಯುವುದು ಇಲ್ಲಿಯೇ. ಹಂಚುವ ಯಂತ್ರದಲ್ಲಿ ಅದಕ್ಕೆಂದೇ ಒಂದು ಖಾತೆ, ಅದಕ್ಕೊಂದು ಪಾಸ್‌ವರ್ಡ್ ಮಾಡಿದೆವು. ಎರಡು ನಿಮಿಷವೂ ಹಿಡಿಯಲಿಲ್ಲ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಐದನೇ ಪ್ರಶ್ನೆ, ಏನು ಮಾಡಲು ಅನುಮತಿಯಿದೆ ಎಂಬುದು, ಮರುದಿನದ ಅವಧಿಯ ಹತ್ತು ನಿಮಿಷಕ್ಕೆ ಹೋಯಿತು. ಶೇರಿಂಗ್‌ನ ಅನುಮತಿ ಶಾಲೆಯ ಗೇಟಿನಂತೆ, ಸೆಕ್ಯುರಿಟಿ ಟ್ಯಾಬ್‌ನದು ಪ್ರಯೋಗಾಲಯದ ಬಾಗಿಲಿನಂತೆ. ಹೊರಗಿನಿಂದ ಬರುವವರು ಎರಡನ್ನೂ ದಾಟಬೇಕು, ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಫೋಲ್ಡರ್ ತೆರೆಯುತ್ತದೆ ಆದರೆ ಉಳಿಸಲು ಆಗುವುದಿಲ್ಲ ಎಂಬ ದೂರು ಹೆಚ್ಚಾಗಿ ಇಲ್ಲಿಯದು. ಹಿಂದಿನ ದಿನದ ಬಿಸಿ ಆರಿದ್ದರಿಂದ ಈ ಭಾಗ ಸಪ್ಪೆಯಾಯಿತು. ಮತ್ತೆ ಮಾಡುವುದಾದರೆ ಇದಕ್ಕೆ ಪೂರ್ತಿ ಅವಧಿ ಕೊಡುತ್ತೇನೆ, ಏಕೆಂದರೆ ಉದ್ರಿ ಪಟ್ಟಿಯ ಪ್ರಸಂಗ ಸೇರಿದ್ದು ಈ ಪ್ರಶ್ನೆಗೆ. ಪರದೆ ಹಿಂದಿನ ಬೆಂಚಿಗೆ ಕಾಣುತ್ತಿರಲಿಲ್ಲ ಎಂಬುದನ್ನು ಉಪನ್ಯಾಸಕರು ಈ ಬಾರಿ ಬರೆದರು. ಅದು ಮೊದಲ ದಿನವೂ ಕಾಣುತ್ತಿರಲಿಲ್ಲ.

ಮೌಲ್ಯಮಾಪನದಲ್ಲಿ ಹಂತ ಬರೆಯಿರಿ ಎಂಬ ಪ್ರಶ್ನೆ ಬಿಟ್ಟು ಸಂದರ್ಭ ಕೊಟ್ಟೆ: ವಿಳಾಸಗಳು ಒಂದೇ ಓಣಿಯವು, ಪಿಂಗ್‌ಗೆ ಉತ್ತರವಿದೆ, ವಿಳಾಸ ಬರೆದರೆ ಫೋಲ್ಡರ್ ತೆರೆಯುತ್ತದೆ, ಹೆಸರು ಕಾಣುವುದಿಲ್ಲ. ಮುಂದೆ ಏನು ನೋಡುವಿರಿ, ಏಕೆ? ಒಬ್ಬ ವಿದ್ಯಾರ್ಥಿ ಅನುಮತಿ ನೋಡುತ್ತೇನೆ ಎಂದು ಬರೆದಿದ್ದ. ತಪ್ಪು. ಆದರೆ ಕಾರಣವಾಗಿ, ‘ಉಳಿದದ್ದೆಲ್ಲ ಸರಿಯಿದೆ ಎಂದು ಗೊತ್ತಾಗಿದೆ’ ಎಂದಿದ್ದ. ಫೋಲ್ಡರ್ ತೆರೆದ ಮೇಲೆ ಅನುಮತಿಯ ಪ್ರಶ್ನೆ ಏಳದು ಎಂಬ ಒಂದು ಕೊಂಡಿ ತಪ್ಪಿತ್ತು, ಯೋಚನೆಯ ದಾರಿ ತಪ್ಪಿರಲಿಲ್ಲ. ಎರಡು ಅಂಕದಲ್ಲಿ ಒಂದು ಕೊಟ್ಟೆ. ಬರೀ ‘ಸೇವೆ ಆನ್ ಮಾಡಬೇಕು’ ಎಂದು ಕಾರಣವಿಲ್ಲದೆ ಸರಿ ಉತ್ತರ ಬರೆದವಳಿಗೂ ಒಂದೇ ಕೊಟ್ಟೆ. ಅವಳು ಬಂದು ವಾದ ಮಾಡಿದಳು. ಇದನ್ನು ಹೇಗೆ ಅಳೆಯಬೇಕಿತ್ತು ಎಂಬ ಬಗ್ಗೆ ಹಿಮ್ಮಾಹಿತಿ ಸಭೆಯಲ್ಲೂ ಒಮ್ಮತ ಬರಲಿಲ್ಲ.

ಕಿರಾಣಿ ಅಂಗಡಿಯ ಹುಡುಗಿ ಆ ವಾರದ ಕೊನೆಗೆ ಮತ್ತೆ ಬಂದಳು. ಈಗ ಒಂದೇ ಫೋಲ್ಡರ್ ಹಂಚಿದ್ದಾಳೆ, ಅದಕ್ಕೆ ಬೇರೆ ಖಾತೆ, ಫೈರ್‌ವಾಲ್ ಆನ್. ಮಹಡಿಯವರ ಲ್ಯಾಪ್‌ಟಾಪ್‌ನಲ್ಲಿ ಅವಳೇ ಹೋಗಿ ಪ್ರಯತ್ನಿಸಿದಾಗ ಪಾಸ್‌ವರ್ಡ್ ಕೇಳಿತಂತೆ. ಆದರೆ ರಾತ್ರಿ ಎಂಟರ ಮೇಲೆ ತನಗೂ ಫೋಲ್ಡರ್ ಸಿಗುತ್ತಿಲ್ಲ ಎಂಬುದು ಹೊಸ ತೊಂದರೆ. “ಮೊದಲು ಏನು ನೋಡ್ತೀಯಾ?” ಅಂದೆ. “ಪಿಂಗ್ ಮಾಡ್ದೆ ಮಿಸ್. ಸಂಜೆ ಉತ್ತರ ಬರ್ತಿತ್ತು, ಎಂಟಕ್ಕೆ ಬರ್ಲಿಲ್ಲ. ಫೈರ್‌ವಾಲ್ ಆದ್ರೆ ಸಂಜೇನೂ ಬರ್ಬಾರ್ದಿತ್ತಲ್ಲ. ಕೆಳಗೆ ಹೋಗಿ ನೋಡ್ದೆ, ಅಪ್ಪ ಅಂಗಡಿ ಬಾಗಿಲು ಹಾಕೋವಾಗ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿಬಿಟ್ಟಿರ್ತಾರೆ.”