ಎಂವಿಸಿ ವಿನ್ಯಾಸ: ಮಾಡೆಲ್–ವ್ಯೂ–ಕಂಟ್ರೋಲರ್

ಮೂಲಾಂಶಗಳು
1. ಎಂವಿಸಿ: ತಂತ್ರಾಂಶವನ್ನು ಮೂರು ಭಾಗಗಳಾಗಿ ಬೇರ್ಪಡಿಸುವ ವಿನ್ಯಾಸ ಮಾದರಿ.
2. ರೂಪಿಸಿದವರು: ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್, 1979.
3. ಸ್ಥಳ: ಜೆರಾಕ್ಸ್ ಪಾರ್ಕ್, ಕ್ಯಾಲಿಫೋರ್ನಿಯಾ. ಭಾಷೆ: ಸ್ಮಾಲ್‌ಟಾಕ್.

ಮೂರು ಭಾಗಗಳು
- ಮಾಡೆಲ್: ದತ್ತಾಂಶ ಮತ್ತು ಅದರ ನಿಯಮಗಳು.
- ವ್ಯೂ: ಬಳಕೆದಾರರಿಗೆ ಕಾಣುವ ಪುಟ.
- ಕಂಟ್ರೋಲರ್: ಕೋರಿಕೆ ಪಡೆದು ಉಳಿದೆರಡನ್ನು ಜೋಡಿಸುವ ಭಾಗ.

ಉದಾಹರಣೆ: ಪರೀಕ್ಷಾ ಫಲಿತಾಂಶದ ಜಾಲತಾಣ
ನೋಂದಣಿ ಸಂಖ್ಯೆ ಪಡೆಯುವುದು ಕಂಟ್ರೋಲರ್ → ಅಂಕಗಳನ್ನು ತೆಗೆದು ಉತ್ತೀರ್ಣವೋ ಅನುತ್ತೀರ್ಣವೋ ನಿರ್ಧರಿಸುವುದು ಮಾಡೆಲ್ → ಅಂಕಪಟ್ಟಿ ತೋರಿಸುವುದು ವ್ಯೂ.

ಬಳಸುವ ಫ್ರೇಮ್‌ವರ್ಕ್‌ಗಳು
- ರೂಬಿ ಆನ್ ರೈಲ್ಸ್ (2004): ರೂಬಿ
- ಸ್ಪ್ರಿಂಗ್ ಎಂವಿಸಿ: ಜಾವಾ
- ಲಾರಾವೆಲ್ (2011): ಪಿಎಚ್‌ಪಿ

ಗೊಂದಲ ಬೇಡ
- ಎಂವಿಸಿ ಪ್ರೋಗ್ರಾಮಿಂಗ್ ಭಾಷೆಯಲ್ಲ, ಫ್ರೇಮ್‌ವರ್ಕ್ ಕೂಡ ಅಲ್ಲ.
- ಮಾಡೆಲ್ ಎಂದರೆ ಬರೀ ಡೇಟಾಬೇಸ್ ಅಲ್ಲ, ನಿಯಮಗಳೂ ಅಲ್ಲಿಯೇ.
- ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕ್‌ನಲ್ಲಿ ಹೆಸರು ಎಂಟಿವಿ (ಮಾಡೆಲ್–ಟೆಂಪ್ಲೇಟ್–ವ್ಯೂ): ಅಲ್ಲಿನ ಟೆಂಪ್ಲೇಟ್ = ಎಂವಿಸಿಯ ವ್ಯೂ; ಅಲ್ಲಿನ ವ್ಯೂ ≈ ಕಂಟ್ರೋಲರ್.
- ಎಂವಿವಿಎಂ (ಮಾಡೆಲ್–ವ್ಯೂ–ವ್ಯೂಮಾಡೆಲ್) ಬೇರೆ ಮಾದರಿ: ಪ್ರಕಟಿಸಿದವರು ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್, 2005.

ಪ್ರಯೋಜನ: ಪುಟದ ರೂಪ ಬದಲಾದರೂ ದತ್ತಾಂಶದ ನಿಯಮ ಮುಟ್ಟಬೇಕಿಲ್ಲ, ಭಾಗಗಳ ಪರೀಕ್ಷೆ, ತಂಡದಲ್ಲಿ ಕೆಲಸ ಹಂಚಿಕೆ ಸುಲಭ.
ಮಿತಿ: ಚಿಕ್ಕ ತಂತ್ರಾಂಶಕ್ಕೆ ಕಡತಗಳು ಅನಗತ್ಯವಾಗಿ ಹೆಚ್ಚುತ್ತವೆ.