ಹಳೆಯ ಗಣಕಕ್ಕೆ ಹೊಸ ಕಾರ್ಯವ್ಯವಸ್ಥೆ

ಗಾಡಿಯ ಅಚ್ಚು ಉರುಳಿದಂತೆಲ್ಲ ಸವೆಯುವುದು. ಗಣಕದ ಪ್ರೊಸೆಸರಿನಲ್ಲಾದರೋ ಉಜ್ಜಾಡುವ ಭಾಗವೊಂದೂ ಇಲ್ಲ. ಧೂಳು ಕವಿದು ಕಾವೇರದಿದ್ದರೆ, ೨೦೧೨ರ ಲ್ಯಾಪ್‌ಟಾಪು ಅಂದು ಕ್ಷಣಕ್ಕೆ ಎಷ್ಟು ಲೆಕ್ಕ ಮಾಡುತ್ತಿದ್ದಿತೋ ಇಂದೂ ಅಷ್ಟನ್ನೇ ಮಾಡಬಲ್ಲುದು. ಹಾಗಾದರೆ ಅದು ನಿಧಾನವಾಗಲು ಕಾರಣವೇನು?

ರ್‍ಯಾಮ್ ಎಂಬ ಸ್ಮೃತಿಕೋಶ, ಡಿಸ್ಕು, ಪರದೆ, ಕೀಲಿಮಣೆ ಇವೆಲ್ಲವನ್ನೂ ಆಳುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅರ್ಥಾತ್ ಕಾರ್ಯವ್ಯವಸ್ಥೆ. ಇದರ ಬೇಡಿಕೆ ವರ್ಷದಿಂದ ವರ್ಷಕ್ಕೆ ಬೆಳೆದಿದೆ. ೨೦೦೯ರಲ್ಲಿ ಬಂದ ವಿಂಡೋಸ್ ೭ರ ೩೨ ಬಿಟ್ ರೂಪಕ್ಕೆ ಕನಿಷ್ಠ ೧ ಗಿಗಾಬೈಟ್ ಸ್ಮೃತಿ ಸಾಕಾಗಿದ್ದಿತು. ೨೦೨೧ರ ವಿಂಡೋಸ್ ೧೧ಕ್ಕೆ ೪ ಗಿಗಾಬೈಟ್ ಬೇಕು. ಸ್ಮೃತಿಯಲ್ಲಿ ಎಡೆ ಸಾಲದಾದಾಗ ಕಾರ್ಯವ್ಯವಸ್ಥೆಯು ಸದ್ಯಕ್ಕೆ ಬೇಡವಾದ ಅಂಶಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತೊಂದರೆಯ ಮೂಲವಿರುವುದು ಇಲ್ಲಿಯೇ. ಸ್ಮೃತಿಯಿಂದ ಒಂದು ಅಂಶವನ್ನು ಪಡೆಯಲು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ನಿಮಿಷಕ್ಕೆ ೫,೪೦೦ ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತು ಕಾಯುವುದಕ್ಕೇ ಸೆಕೆಂಡಿನ ೧೮೦ರಲ್ಲೊಂದು ಪಾಲು ಹಿಡಿಯುವುದು. ಓದುವ ತೋಳು ಸರಿಯುವ ಕಾಲವನ್ನೂ ಸೇರಿಸಿದರೆ ಡಿಸ್ಕು ಲಕ್ಷ ಪಟ್ಟಿಗೂ ಮಿಕ್ಕು ನಿಧಾನ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಅಳವಡಿಸಿದೊಡನೆ ಹಳೆಯ ಯಂತ್ರ ಚುರುಕಾಗುವುದು ಇದರಿಂದಲೇ.

ಇನ್ನೊಂದು ತೊಡಕು ಭದ್ರತೆಯದು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ದೋಷಗಳು ಹಾಗೆಯೇ ಉಳಿಯುವುವು. ಇತ್ತ ವಿಂಡೋಸ್ ೧೧, ಟಿಪಿಎಂ ೨.೦ ಎಂಬ ಭದ್ರತಾ ಸಾಧನವನ್ನೂ, ಇಂಟೆಲ್ ಕೋರ್ ಮಾಲೆಯಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಪ್ರೊಸೆಸರನ್ನೂ ಬಯಸುತ್ತದೆ. ೨೦೧೨ರ ಮೂರನೆಯ ಪೀಳಿಗೆಯ ಯಂತ್ರವು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಈ ಪಟ್ಟಿಗೆ ಸೇರದು.

ಹಾಗೆಂದು ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದಿಗೂ ಬೆಳೆಯುತ್ತಿದೆ. ಅದನ್ನು ಆಧರಿಸಿದ ಡೆಬಿಯನ್ ವ್ಯವಸ್ಥೆಯನ್ನು ಎಕ್ಸ್‌ಎಫ್‌ಸಿಇಯಂಥ ಹಗುರವಾದ ಡೆಸ್ಕ್‌ಟಾಪಿನೊಡನೆ ಬಳಸಿದರೆ, ಹೊಸ ಭದ್ರತಾ ಪರಿಷ್ಕಾರಗಳು ಹಳೆಯ ಯಂತ್ರಕ್ಕೂ ದೊರೆಯುವುವು. ಆದರೆ ಪ್ರೊಸೆಸರು ೬೪ ಬಿಟ್ಟಿನದೇ ಎಂಬುದನ್ನು ಮೊದಲು ನೋಡಬೇಕು; ೨೦೨೫ರ ಡೆಬಿಯನ್ ೧೩ನ್ನು ೩೨ ಬಿಟ್ಟಿನ ಪಿ.ಸಿ.ಗಳಲ್ಲಿ ಹೊಸದಾಗಿ ಸ್ಥಾಪಿಸಲು ಬಾರದು. ಕಾರ್ಯವ್ಯವಸ್ಥೆ ಹಗುರವಾದರೂ ಜಾಲತಾಣಗಳು ಹಗುರವಾಗವು ಎಂಬುದನ್ನೂ ಮರೆಯಬಾರದು: ಬ್ರೌಸರಿನಲ್ಲಿ ಹತ್ತಾರು ಪುಟಗಳನ್ನು ತೆರೆದರೆ ೪ ಗಿಗಾಬೈಟ್ ಬೇಗನೆ ತುಂಬುವುದು.

ಪರೀಕ್ಷಿಸುವ ಕ್ರಮ ಸುಲಭ. ಡೆಬಿಯನ್ನಿನ ಲೈವ್ ರೂಪವನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಗಣಕವನ್ನು ಆರಂಭಿಸಿದರೆ, ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ, ಪರದೆಗಳು ಸರಿಯಾಗಿ ನಡೆಯುವುವೋ ಇಲ್ಲವೋ ತಿಳಿಯುವುದು. ತೃಪ್ತಿಕರವೆನಿಸಿದರೆ, ಕಡತಗಳನ್ನೆಲ್ಲ ಬೇರೆಡೆ ನಕಲಿಸಿಟ್ಟ ಬಳಿಕವೇ ಸ್ಥಾಪಿಸಬೇಕು. ಸ್ಥಾಪನೆಯ ವೇಳೆ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗಬಹುದು.